ವಚನಗ್ರಂಥಗಳ ಕಟ್ಟು ಬಿಚ್ಚಿದ ಫ. ಗು. ಹಳಕಟ್ಟಿಯವರು

ನಮ್ಮ ನಾಡಿನಲ್ಲಿ ಗ್ರಂಥವೆಂಬುದು ಓದುವ ವಸ್ತುವಾಗುವದಕ್ಕಿಂತ ಮೊದಲು ಪೂಜಿಸುವ ವಸ್ತುವಾಗಿತ್ತು. ಭಕ್ತರ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಮಾಸಿದ ವಸ್ತ್ರದಲ್ಲಿ ಸುತ್ತಿದ ಒಂದು ಓಲೆಯ ಕಟ್ಟು ಇರುತ್ತಿತ್ತು. ಶ್ರಾವಣಮಾಸದಲ್ಲಿಯೋ ಶಿವರಾತ್ರಿಯಲ್ಲಿಯೋ ಅದನ್ನು ಕೆಳಗಿಳಿಸಿ, ವಿಭೂತಿ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಿ, ಧೂಪ ದೀಪಗಳನ್ನು ಮಾಡಿ, ಮತ್ತೆ ಅಲ್ಲಿಯೇ ಇಡುತ್ತಿದ್ದರು. ಕಟ್ಟಿನೊಳಗೆ ಏನಿದೆಯೆಂದು ಮನೆಯ ಯಜಮಾನನನ್ನು ಕೇಳಿದರೆ, ಹಿರಿಯರು ಇಟ್ಟದ್ದು ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುತ್ತಿದ್ದಿಲ್ಲ. ಪೂಜೆಗೊಂಡದ್ದರಿಂದಲೇ ಅವು ಮೂರು ನಾಲ್ಕು ನೂರು ವರ್ಷ ಉಳಿದವು. ಪೂಜೆಗೊಂಡದ್ದರಿಂದಲೇ ಓದದೆ ಉಳಿದವು. ಈ ಎರಡು ಮಾತುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ನಮ್ಮ ಹಿರಿಯರಿಗೆ ಅನ್ಯಾಯವಾಗುವದು. ಆ ಕಟ್ಟನ್ನು ಬಿಚ್ಚಿ, ಅದರೊಳಗಿನ ಶರಣರ ಮಾತನ್ನು ಗೃಹಸ್ಥನ ಕೈಗೆ ಅಚ್ಚಿನ ಪುಸ್ತಕವಾಗಿ ಕೊಡುವದಕ್ಕೆ ತಮ್ಮ ಆಯುಷ್ಯವನ್ನೂ ಆಸ್ತಿಯನ್ನೂ ಸವೆಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ವಚನಪಿತಾಮಹರೆಂಬ ಬಿರುದು ಎಲ್ಲರಿಗೂ ತಿಳಿದಿದೆ. ಆದರೆ ಅವರು ಮಾಡಿದ ಕೆಲಸವು ವಸ್ತುತಃ ಎಂಥದು, ಅದರಲ್ಲಿ ಯಾವ ಯಾವ ತೊಡಕುಗಳಿದ್ದವು ಎಂಬುದು ಅಷ್ಟಾಗಿ ತಿಳಿದಿಲ್ಲ.

ಹಳಕಟ್ಟಿಯವರು ಇ. ಸ. 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿಯೂ ಕೈಯಿದ್ದವರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ಲಿಂಗೈಕ್ಯರಾದರು. ಅಂದಿನ ಧಾರವಾಡದಲ್ಲಿ ಕನ್ನಡಕ್ಕೆ ಕಷ್ಟಕಾಲ. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡದ ಶಾಲೆಗಳನ್ನೂ ಪುಸ್ತಕಗಳನ್ನೂ ಹುಟ್ಟಿಸಬೇಕೆಂದು ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದು ಹೋಗಿದ್ದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದಾಗ ನಮ್ಮ ಚರಿತ್ರನಾಯಕರಿಗೆ ಹತ್ತು ವರ್ಷ. ಧಾರವಾಡದಲ್ಲಿ ಶಾಲೆಯ ಓದನ್ನು ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿ ಅವರು ಓದಿದ್ದು ವಿಜ್ಞಾನ! ಬಿ. ಎಸ್‌ಸಿ. ಆದ ಮೇಲೆ ಕಾಯಿದೆಯನ್ನೋದಿ 1904ರಲ್ಲಿ ಎಲ್‌ಎಲ್. ಬಿ. ಪದವಿಯನ್ನು ಪಡೆದರು. ಸಂಸ್ಕೃತವನ್ನೂ ಹಳಗನ್ನಡವನ್ನೂ ಗುರುಮುಖದಿಂದ ಕಲಿತ ಪಂಡಿತರು ಮಾಡಬೇಕಾಗಿದ್ದ ಕೆಲಸವನ್ನು ವಿಜ್ಞಾನವನ್ನೋದಿದ ವಕೀಲರೊಬ್ಬರು ಮಾಡಿದರೆಂಬುದು ನಮ್ಮಂಥ ಪಾಠಶಾಲೆಯವರು ಸ್ವಲ್ಪ ತಲೆ ತಗ್ಗಿಸಿಕೊಂಡೇ ಒಪ್ಪಬೇಕಾದ ಸಂಗತಿ. ಆದರೆ ವಿಚಾರಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತು ಪ್ರತಿಗಳನ್ನು ಮುಂದಿಟ್ಟುಕೊಂಡು, ಇದು ಹೀಗೇಕೆ, ಅದು ಹಾಗೇಕೆ ಎಂದು ನಿರ್ಮಮತೆಯಿಂದ ಹೋಲಿಸುವ ಅಭ್ಯಾಸ ಪ್ರಯೋಗಶಾಲೆಯದು; ಸಾಕ್ಷಿಯನ್ನು ಪರೀಕ್ಷಿಸದೆ ನಂಬಬಾರದೆಂಬ ಅಭ್ಯಾಸ ನ್ಯಾಯಾಲಯದ್ದು.

ಓಲೆಗಳ ಪರಿಚಯವು ಅವರಿಗಾದದ್ದು ವಿದ್ಯಾರ್ಥಿದೆಸೆಯ ಕೊನೆಯಲ್ಲಿ. ಪತ್ನಿ ಭಾಗೀರಥೀಬಾಯಿಯವರ ತಂದೆ ಚಿಕ್ಕೋಡಿ ತಮ್ಮಣ್ಣಪ್ಪನವರು ಬನಹಟ್ಟಿಯಲ್ಲಿದ್ದರು. ಆ ಸೀಮೆಗೆ ಹೋಗಿದ್ದಾಗ ಹಳಕಟ್ಟಿಯವರ ಕಣ್ಣಿಗೆ ಕೆಲವು ತಾಡವೋಲೆಯ ಗ್ರಂಥಗಳು ಬಿದ್ದವು. ಪ್ರಭುದೇವರ ವಚನಗಳೂ ಷಟ್‌ಸ್ಥಲತಿಲಕವೆಂಬ ಗ್ರಂಥವೂ ಅವುಗಳಲ್ಲಿದ್ದವು. ಮುಂಬಯಿಯ ಕಾಲೇಜಿನಲ್ಲಿ ಪಾಶ್ಚಾತ್ಯ ಶಾಸ್ತ್ರಗಳನ್ನೋದಿದ ತರುಣನಿಗೆ, ಅಂಥ ಗಂಭೀರವಾದ ವಿಚಾರವು ತನ್ನ ತಾಯ್ನುಡಿಯಲ್ಲಿ, ತನ್ನ ಮನೆಮಾತಿಗೆ ಹತ್ತಿರವಾದ ಗದ್ಯದಲ್ಲಿ, ಏಳು ನೂರು ವರ್ಷಗಳ ಹಿಂದೆಯೇ ಹೇಳಲ್ಪಟ್ಟಿದೆಯೆಂಬುದು ಅಂದು ತಿಳಿಯಿತು. ಅಲ್ಲಿಂದ ಸುಮಾರು 60 ವರ್ಷ ಅವರು ಬೇರೊಂದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಓಲೆಯ ಗ್ರಂಥವನ್ನು ಕೈಯಲ್ಲಿ ಹಿಡಿಯದವರಿಗೆ ಆ ಕೆಲಸದ ಶ್ರಮವು ಗೊತ್ತಾಗುವದು ಕಷ್ಟ. ಆದುದರಿಂದ ಅದನ್ನಿಷ್ಟು ವಿವರಿಸುವೆವು. ತಾಳೆಯ ಗರಿಗಳನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದದ್ದು ತಾನಾಗಿ ಕಾಣುವದಿಲ್ಲ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಒರಸಿದ ಮೇಲೆಯೇ ಅಕ್ಷರವು ಕಪ್ಪಾಗಿ ತೋರುವದು. ಗರಿಯಲ್ಲಿ ತೂತು ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಕಟ್ಟಿಗೆಯ ಹಲಗೆಯಿಟ್ಟು ಬಿಗಿಯುತ್ತಿದ್ದರು. ದಾರವು ಹರಿದರೆ ಗರಿಗಳ ಅನುಕ್ರಮವು ಕೆಡುವದು. ಬರವಣಿಗೆಯಲ್ಲಿ ಶಬ್ದ ಶಬ್ದಗಳ ನಡುವೆ ಬಿಡುವಿಲ್ಲ, ವಿರಾಮಚಿಹ್ನೆಯಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬಹುಮಟ್ಟಿಗೆ ಗುರುತಿಸುತ್ತಲೇ ಇರಲಿಲ್ಲ. ಕಾವ್ಯವಾದರೆ ಛಂದಸ್ಸು ಓದುಗನ ಕೈಹಿಡಿಯುವದು, ಮಾತ್ರೆ ತಪ್ಪಿದರೆ ಪಾಠ ತಪ್ಪಿತೆಂದು ತಿಳಿಯುವದು. ವಚನಕ್ಕೆ ಅಂಥ ಕಾವಲಿಲ್ಲ. ಎಲ್ಲಿ ಒಂದು ವಾಕ್ಯ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂಬುದನ್ನು ಅರ್ಥದಿಂದಲೇ ನಿಶ್ಚಯಿಸಬೇಕು. ಯಾರ ವಚನವೆಂಬುದನ್ನು ಅಂಕಿತದಿಂದ ತಿಳಿಯಬೇಕು. ಪ್ರತಿ ಮಾಡಿದವನು ನಿದ್ದೆಗಣ್ಣಿನಲ್ಲಿ ಒಂದು ಸಾಲನ್ನು ಬಿಟ್ಟಿದ್ದರೆ, ಬೇರೊಂದು ಪ್ರತಿ ಸಿಗುವವರೆಗೆ ಅದು ಹೋದಂತೆಯೇ ಸರಿ.

ಇನ್ನು ಪೂಜೆಯಿಂದಾದ ಹಾನಿಯೂ ಇದೆ. ಹಸಿಪತ್ರೆ ಹೂಗಳ ತೇವವು ಗರಿಗೆ ತಗಲಿ ಕೊಳೆಯುವದು, ಕುಂಕುಮ ಗಂಧಗಳು ಅಕ್ಷರದ ಗೆರೆಗಳಲ್ಲಿ ತುಂಬಿ ಗಟ್ಟಿಯಾಗುವವು. ವರುಷಕ್ಕೊಮ್ಮೆಯಾದರೂ ಬಿಚ್ಚಿ ಗಾಳಿಗಿಟ್ಟು ಓದುತ್ತಿದ್ದ ಗ್ರಂಥಕ್ಕೆ ಹುಳ ಬೀಳುವದು ಕಡಿಮೆ. ಬಿಚ್ಚದೆ ಇಟ್ಟದ್ದನ್ನು ಹುಳವೇ ಮೊದಲು ಓದುವದು. ಮಠಗಳ ಗ್ರಂಥಭಾಂಡಾರಗಳಲ್ಲಿ, ಓದುವ ಸ್ವಾಮಿಗಳಿದ್ದಲ್ಲಿ, ಓಲೆಗಳು ಸುಸ್ಥಿತಿಯಲ್ಲಿ ದೊರೆತುದಕ್ಕೆ ಇದೇ ಕಾರಣ.

ವಕೀಲಿಯನ್ನು ಬೆಳಗಾವಿಯಲ್ಲಿ ಆರಂಭಿಸಿದ ಹಳಕಟ್ಟಿಯವರು ಬೇಗನೆ ವಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ಬಂದು ನೆಲೆಸಿದರು. ಬರಗಾಲದ ಜಿಲ್ಲೆ ಅದು. ವಕೀಲಿ ನಡೆಯಿತು, ಸರಕಾರಿ ವಕೀಲರೂ ಆದರು. ಒಕ್ಕಲಿಗರಿಗಾಗಿ, ನೇಕಾರರಿಗಾಗಿ ಸಹಕಾರಿ ಸಂಘಗಳನ್ನು ಕಟ್ಟುವದರಲ್ಲಿ ಮುಂದಾದರು, ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು, ನಗರಸಭೆಯಲ್ಲಿಯೂ ಮುಂಬಯಿಯ ಶಾಸನಸಭೆಯಲ್ಲಿಯೂ ಕುಳಿತರು. ಇವೆಲ್ಲವನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ. ಆದರೆ 1910ರಲ್ಲಿ ಅವರು ಮುಂದಾಗಿ ಕಟ್ಟಿದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಮಾತನ್ನು ಬಿಡಲಾಗದು. ಇಂದು ಬಿ. ಎಲ್. ಡಿ. ಇ. ಎಂಬ ಅಕ್ಷರಗಳಿಂದ ಪ್ರಸಿದ್ಧವಾಗಿರುವ ಸಂಸ್ಥೆಯು ಅದೇ. 1911ರ ಜನಗಣತಿಯ ಪ್ರಕಾರ ಇಡೀ ಹಿಂದುಸ್ಥಾನದಲ್ಲಿ ನೂರಕ್ಕೆ 6 ಜನರೂ ಅಕ್ಷರಸ್ಥರಿರಲಿಲ್ಲ. ಓದುವವರೇ ಇಲ್ಲದಲ್ಲಿ ಪುಸ್ತಕವನ್ನು ಅಚ್ಚು ಮಾಡಿಸಿ ಫಲವೇನು? ಅವರು ಮೊದಲು ಶಾಲೆಯನ್ನು ಕಟ್ಟಿ ಆಮೇಲೆ ಗ್ರಂಥವನ್ನು ಅಚ್ಚು ಮಾಡಿಸಿದ್ದು ಕೇವಲ ಕಾಕತಾಳೀಯವಾಗಿ ನಮಗೆ ತೋರುವದಿಲ್ಲ.

ಕೋರ್ಟಿಗೆ ಸೂಟಿಯಿದ್ದ ದಿನಗಳಲ್ಲಿ ಅವರು ಹಳ್ಳಿಗಳನ್ನೂ ಮಠಗಳನ್ನೂ ಸುತ್ತಿದರು. ಕೆಲವರು ಸಂತೋಷದಿಂದ ಓಲೆಗಳನ್ನು ಕೊಟ್ಟರು, ಕೆಲವರು ನೋಡಗೊಟ್ಟರು, ಮತ್ತೆ ಕೆಲವರು ಬಾಗಿಲಲ್ಲಿಯೇ ಇಲ್ಲವೆಂದರು. ಕೊಡಲೊಲ್ಲದವರನ್ನು ಇಂದು ನಾವು ಅಜ್ಞಾನಿಗಳೆಂದು ನಗುವದು ಸುಲಭ. ಅವರ ಅಂಜಿಕೆಗೆ ಆಧಾರವಿತ್ತು. ಕಟ್ಟು ಮನೆಯನ್ನು ಬಿಟ್ಟು ಹೋದರೆ ಮನೆತನದ ಏಳಿಗೆ ಹೋಗುವದೆಂಬುದು ಒಂದು. ದೀಕ್ಷೆಯಿಲ್ಲದವರು ಮುಟ್ಟಬಾರದೆಂಬುದು ಇನ್ನೊಂದು. ಮೂರನೆಯದು ಹೆಚ್ಚಿನ ತೂಕದ್ದು: ಅಚ್ಚಾದ ಕಾಗದಕ್ಕೆ ಗೌರವವೆಲ್ಲಿ? ಶರಣರ ಮಾತಿರುವ ಹಾಳೆಯು ನಾಳೆ ಸಂತೆಯಲ್ಲಿ ಬೆಲ್ಲದ ಪುಡಿಕೆಯಾದರೆ ಆ ದೋಷ ಯಾರಿಗೆ? ಪುಡಿಕೆಯಾಗುವ ಅಪಾಯವನ್ನು ಒಪ್ಪಿಕೊಂಡೇ ಮಾತು ಜನರನ್ನು ಮುಟ್ಟಬೇಕೆಂಬುದು ಹಳಕಟ್ಟಿಯವರ ನಿಲುವು. ಶರಣರು ತಮ್ಮ ಅನುಭಾವವನ್ನು ಸಂಸ್ಕೃತದಲ್ಲಿ ಮುಚ್ಚಿಡದೆ, ಕಾಯಕದವರ ಮಾತಿನಲ್ಲಿಯೇ ಬಯಲಿಗಿಟ್ಟವರಾದುದರಿಂದ, ಈ ನಿಲುವು ಅವರ ಮಾರ್ಗಕ್ಕೆ ಒಪ್ಪುವದೆಂದೇ ನಾವು ಭಾವಿಸುವೆವು.

ಅದೇ ಕಾಲದಲ್ಲಿ ಮೈಸೂರಿನಲ್ಲಿ ನಡೆದ ಒಂದು ಸಂಗತಿಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ 1891ರಲ್ಲಿಯೇ ಮಹಾರಾಜರ ಸರಕಾರವು ಪ್ರಾಚ್ಯಗ್ರಂಥಾಲಯವನ್ನು ಸ್ಥಾಪಿಸಿತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗಳಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಜಗತ್ತೆಲ್ಲ ಬೆರಗಾಯಿತು. ಅಲ್ಲಿ ಸಂಬಳದ ಪಂಡಿತರಿದ್ದರು, ಕಪಾಟುಗಳಿದ್ದವು, ಅಚ್ಚಿನ ವೆಚ್ಚಕ್ಕೆ ರಾಜಾಶ್ರಯವಿತ್ತು. ಉತ್ತರ ಕರ್ನಾಟಕದಲ್ಲಿ ಕನ್ನಡದ ಓಲೆಗಳಿಗೆ ಅಂಥ ರಾಜಾಶ್ರಯವಿರಲಿಲ್ಲ. ಮಲಪ್ರಭೆಯ ತೀರದ ಶಿವಯೋಗಮಂದಿರದಲ್ಲಿ, 1909ರಿಂದ ಮುಂದೆ, ಹಾನಗಲ್ಲ ಕುಮಾರಸ್ವಾಮಿಗಳು ಓಲೆಗಳನ್ನು ಕೂಡಿಡಿಸಿದ್ದು ಮಹತ್ತ್ವದ ಕಾರ್ಯ. ವಿಜಾಪುರದಲ್ಲಿಯಾದರೋ ಒಬ್ಬ ಗೃಹಸ್ಥನ ಮನೆಯೇ ಗ್ರಂಥಾಲಯವಾಗಬೇಕಾಯಿತು. ಮೂಲೆ ಮೂಲೆಗಳಿಂದ ಬಂದ ಕಟ್ಟುಗಳು ಅಲ್ಲಿ ಕೂಡಿದವು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಬಂದಾಗ ವಿದ್ವಾಂಸರಿಗೆ ಗೊತ್ತಿದ್ದ ವಚನಕಾರರು ಸುಮಾರು 50 ಮಂದಿ. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆಯು 250ರ ಸಮೀಪಕ್ಕೆ ಏರಿತು. ಹೀಗೆ ಹೊಸದಾಗಿ ಬೆಳಕು ಕಂಡವರಲ್ಲಿ ದೊಡ್ಡ ಹೆಸರಿಲ್ಲದ ಕಾಯಕದವರೂ ಶರಣೆಯರೂ ಬಹಳ.

ಇಪ್ಪತ್ತು ವರ್ಷ ಕೂಡಿಸಿ, ತಿದ್ದಿ, ಕೈಯಿಂದ ಪ್ರತಿಮಾಡಿ ಸಿದ್ಧಪಡಿಸಿದ ಗ್ರಂಥವನ್ನು ಅಚ್ಚು ಮಾಡಿಸುವ ಪ್ರಸಂಗ ಬಂದಿತು. ಅಂದವಾದ ಕನ್ನಡ ಅಕ್ಷರಗಳಿಗೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹೆಸರಾಗಿತ್ತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಗಿತ್ತು. ಹಸ್ತಪ್ರತಿಯು ಅಲ್ಲಿಗೆ ಹೋಯಿತು, ಅಚ್ಚಾಗದೆ ಹಿಂದಿರುಗಿತು. ಇದರ ಕಾರಣವನ್ನು ಕುರಿತು ಹಲವು ಮಾತುಗಳು ನಡೆದು ಬಂದಿವೆ. ಅವುಗಳ ವಿಚಾರ ನಮಗೆ ಬೇಡ. ಕೊನೆಗೆ ಬೆಳಗಾವಿಯಲ್ಲಿ ಅಚ್ಚಾಗಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಿದ್ದಿತು. ಮುಂದಿನ ಭಾಗಗಳು ಆಮೇಲೆ ಬಂದವು.

ಈ ಗ್ರಂಥದ ರಚನೆಯನ್ನು ಕುರಿತು ಒಂದು ಮಾತನ್ನು ಹೇಳಲೇಬೇಕು. ಓಲೆಗಳಲ್ಲಿ ವಚನಗಳು ಒಬ್ಬೊಬ್ಬ ಶರಣರ ಹೆಸರಿನಲ್ಲಿ, ಇಲ್ಲವೆ ಷಟ್‌ಸ್ಥಲದ ಅನುಕ್ರಮದಲ್ಲಿ ಇದ್ದವು. ಹಳಕಟ್ಟಿಯವರು ಅವುಗಳನ್ನು ವಿಷಯಕ್ಕನುಸಾರವಾಗಿ ವಿಂಗಡಿಸಿ, ಬೇರೆ ಬೇರೆ ಶರಣರ ಮಾತುಗಳನ್ನು ಒಂದೊಂದು ತಲೆಬರಹದ ಕೆಳಗೆ ಕೂಡಿಸಿದರು. ಹೀಗೆ ಮಾಡಿದ್ದರಿಂದ ವಚನವು ತನ್ನ ಮೂಲಸಂದರ್ಭದಿಂದ ಕಿತ್ತುಬಂದಿತೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸುವದಕ್ಕೆ ಅವಕಾಶವಾಯಿತು. ಆ ಆಕ್ಷೇಪವು ಯುಕ್ತವೇ. ಒಂದು ವಚನವು ಸಂವಾದದಲ್ಲಿ ಯಾರಿಗೆ ಉತ್ತರವಾಗಿ ಬಂದಿತೆಂಬುದು ತಿಳಿಯದೆ ಹೋದರೆ ಅರ್ಧ ಅರ್ಥವು ಹೋಗುವದು. ಆದರೆ ಅಂದಿನ ಓದುಗನನ್ನೂ ನೆನೆಯಬೇಕು. ಸ್ಥಲಗಳ ಸೂಕ್ಷ್ಮವನ್ನರಿಯದ ಗೃಹಸ್ಥನಿಗೆ, ಭಕ್ತಿಯೆಂದರೇನು, ಕಾಯಕವೆಂದರೇನು ಎಂದು ಕೇಳುವವನಿಗೆ, ಆಯಾ ವಿಷಯದ ಪುಟವನ್ನೇ ತೆರೆದು ತೋರಿಸುವ ಗ್ರಂಥವು ಬೇಕಾಗಿತ್ತು. ಸಂವಾದವನ್ನು ಇಡಿಯಾಗಿ ಬಯಸುವವರಿಗಾಗಿ ಅವರೇ 1930ರಲ್ಲಿ ಗೂಳೂರು ಸಿದ್ಧವೀರಣಾಚಾರ್ಯರ ಶೂನ್ಯಸಂಪಾದನೆಯನ್ನು ಪ್ರಕಟಿಸಿದರು; ಹರಿಹರನ ರಗಳೆಗಳನ್ನೂ ಬೆಳಕಿಗೆ ತಂದರು.

ಪರರ ಅಚ್ಚುಕೂಟವನ್ನು ನಂಬಿ ಈ ಕೆಲಸವು ಸಾಗದೆಂದು ಕಂಡು, 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ವಿಜಾಪುರದಲ್ಲಿ ಆರಂಭಿಸಿದರು. ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುವ ಕಾಲ ಅದು. ಅಚ್ಚುಕೂಟವು ಬಂದುದು ಮನೆಯ ಬೆಲೆಗೆ. ಮುಂದೆ ಅವರು ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹುಟ್ಟಿದವು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಮಾಡಿ ಗೌರವಿಸಿತು.

ಶಿವಾನುಭವವನ್ನು ಬರಿಯ ಪತ್ರಿಕೆಯೆನ್ನುವದು ಸರಿಯಲ್ಲ. ದೊಡ್ಡ ಗ್ರಂಥವನ್ನು ಒಮ್ಮೆಗೇ ಕೊಳ್ಳಲಾರದ ಗೃಹಸ್ಥನಿಗೆ ಅದು ಕಂತು ಕಂತಾಗಿ ಮನೆಗೆ ಬರುವ ಗ್ರಂಥಾಲಯವಾಗಿತ್ತು. ಸಂಚಿಕೆಗಳನ್ನು ಕೂಡಿಸಿ ರಟ್ಟು ಹಾಕಿಸಿಟ್ಟರೆ ನಾಲ್ಕಾರು ವರ್ಷಗಳಲ್ಲಿ ಮನೆಯೊಳಗೊಂದು ವಚನಭಾಂಡಾರವೇ ಆಗುತ್ತಿತ್ತು. ಮೂರು ದಶಕಗಳಿಗೂ ಮಿಕ್ಕಿ ಅವರು ಅದನ್ನು ನಡೆಯಿಸಿದರು. ಚಂದಾ ಬಾಕಿಯೆಂಬುದು ಇಂಥ ಪತ್ರಿಕೆಗಳೆಲ್ಲದರ ಹಣೆಬರಹವಾದುದರಿಂದ, ಅದರ ನಷ್ಟವು ಎಷ್ಟಿದ್ದೀತೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಮಕ್ಕಳ ಓದಿನ ವಿಚಾರ. ಹಿಂದೆ ಐಗಳ ಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತೀಡಿ ಕಲಿತು, ನೇರವಾಗಿ ಅಮರಕೋಶಕ್ಕೋ ಜೈಮಿನಿ ಭಾರತಕ್ಕೋ ಹೋಗುತ್ತಿದ್ದರು. ಕಂಠಪಾಠವು ಬಲವಾಗುತ್ತಿತ್ತು, ಆದರೆ ಹತ್ತು ವರ್ಷದ ಮಗುವು ತಾನೇ ಓದಿ ತಾನೇ ತಿಳಿದುಕೊಳ್ಳುವಂಥ ಕನ್ನಡ ಗದ್ಯವು ಬಹಳ ಕಡಿಮೆ. ಹಳಕಟ್ಟಿಯವರು ತಮ್ಮನ್ನು ಮಕ್ಕಳ ಸಾಹಿತಿಯೆಂದು ಎಣಿಸಿಕೊಂಡವರಲ್ಲ. ಆದರೂ ಅವರು ಬರೆದ ಶಿವಶರಣರ ಚರಿತ್ರೆಗಳು, ಶಿವಶರಣೆಯರ ಚರಿತ್ರೆಗಳು ಅಲಂಕಾರವಿಲ್ಲದ ತಿಳಿಯಾದ ಗದ್ಯದಲ್ಲಿದ್ದು, ತಾಯಂದಿರು ಓದಿ ಹೇಳುವದಕ್ಕೂ ಓದು ಕಲಿತ ಮಕ್ಕಳು ಸ್ವತಃ ಓದುವದಕ್ಕೂ ಒದಗುವಂಥವು. ವಚನವಂತೂ ಸ್ವಭಾವತಃ ಬಾಲರಿಗೆ ಹತ್ತಿರದ್ದು. ಗಾತ್ರವು ಚಿಕ್ಕದು, ಮಾತು ಮನೆಯದು, ಹೋಲಿಕೆಗಳು ಹೊಲ, ದನ, ಅಡಿಗೆ, ನೇಯ್ಗೆಗಳವು. ಇಂದು ಶಾಲೆಯ ಪಠ್ಯದಲ್ಲಿ ವಚನವಿಲ್ಲದ ಕನ್ನಡವನ್ನು ನಾವು ಊಹಿಸಲಾರೆವು. ಅಚ್ಚಾಗದಿದ್ದರೆ ಅದು ಪಠ್ಯಕ್ಕೆ ಬರುತ್ತಿದ್ದಿಲ್ಲ.

ನಮ್ಮ ತಳಕಲ್ಲಿನ ಸೀಮೆಗೆ ಇದರ ಅರ್ಥವೇನಿತ್ತೆಂಬುದನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಯಲಬುರ್ಗಿ, ಕುಕನೂರು, ಕೊಪ್ಪಳಗಳು 1948ರ ವರೆಗೆ ನಿಜಾಮ ರಾಜ್ಯದಲ್ಲಿದ್ದವು. ಅಲ್ಲಿ ರಾಜಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡವು ಉಳಿದದ್ದು ಮಠದ ಪುರಾಣಪ್ರವಚನದಲ್ಲಿ ಮತ್ತು ಮನೆಯ ಓದಿನಲ್ಲಿ. ಆದರೆ ತಳಕಲ್ಲಿನ ಮೇಲೆ ಹಾಯುವ ರೈಲಿನ ದಾರಿಯು ಪಶ್ಚಿಮಕ್ಕೆ ಗದಗಿಗೆ ಹೋಗಿ ಮುಟ್ಟುವದು. ಗದಗು ಮುಂಬಯಿ ಪ್ರಾಂತದ್ದು. ಕೆಲವೇ ನಿಲ್ದಾಣಗಳ ಅಂತರದಲ್ಲಿ ಬೇರೊಂದು ಸರಕಾರ, ಕನ್ನಡದ ಶಾಲೆ, ಕನ್ನಡದ ಅಚ್ಚುಕೂಟ! ಓಲೆಯ ಕಟ್ಟು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಪ್ರತಿಮಾಡುವವನೊಬ್ಬನ ಆರು ತಿಂಗಳ ದುಡಿಮೆ ಬೇಕು. ಅಚ್ಚಿನ ಪುಸ್ತಕಕ್ಕೆ ಬಗಲಚೀಲವೇ ಸಾಕು.

ಇಲ್ಲಿಗೆ ಹತ್ತಿರದ ದ್ಯಾಂಪುರದಲ್ಲಿ ಪುರಾಣಿಕರ ಮನೆತನದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಈ ಪರಿಸರದಲ್ಲಿ ಬೆಳೆದವರು. ಉರ್ದುವಿನಲ್ಲಿ ಓದಿ, ಅಧಿಕಾರಿಗಳಾಗಿ ದುಡಿದು, ಕನ್ನಡದಲ್ಲಿ ಕವಿಗಳಾದರು. ಆಧುನಿಕ ವಚನಗಳನ್ನೂ ಮಕ್ಕಳಿಗಾಗಿ ಹಾಡುಗಳನ್ನೂ ಬರೆದರು. 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಶಿಶುಗೀತವೂ ವಚನವೂ ಒಂದೇ ಲೇಖನಿಯಿಂದ ಹೊರಟದ್ದು ನಮ್ಮ ಸೀಮೆಯ ಭಾಗ್ಯ.

ಹಳಕಟ್ಟಿಯವರ ಮುಪ್ಪಿನ ದಿನಗಳು ಬಡತನದವು. ಹರಿದ ಕೋಟು, ಹಳೆಯ ಸೈಕಲ್ಲು, ಕೈಯಲ್ಲಿ ಅಚ್ಚಿನ ಕರಡು, ಇದೇ ವಿಜಾಪುರದ ಜನರು ಕಂಡ ಚಿತ್ರ. ಮಕ್ಕಳ ಅಗಲಿಕೆಯ ದುಃಖವನ್ನೂ ಅವರು ಉಂಡರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ. ಲಿಟ್. ಪದವಿಯನ್ನಿತ್ತಿತು. ಅದೇ ವರುಷ ಕನ್ನಡ ನಾಡು ಒಂದಾಯಿತು. ಏಕೀಕರಣಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರಾಗಿದ್ದರು. 1964ರ ಜೂನ್ ತಿಂಗಳ ಕೊನೆಯಲ್ಲಿ, 84 ತುಂಬಲು ಕೆಲವು ದಿನಗಳಿರುವಾಗ, ಅವರು ಲಿಂಗೈಕ್ಯರಾದರು. ಊರೂರಿಗೆ ಸಾರ್ವಜನಿಕ ಗ್ರಂಥಾಲಯಗಳಿಗೆ ದಾರಿ ಮಾಡಿದ ಕರ್ನಾಟಕದ ಗ್ರಂಥಾಲಯ ಕಾಯಿದೆಯು ಬಂದುದು ಮರುವರುಷ, 1965ರಲ್ಲಿ. 1993ರಲ್ಲಿ ರಾಜ್ಯ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಒಬ್ಬ ವಕೀಲರು ಮನೆಯನ್ನು ಮಾರಿ ಆರಂಭಿಸಿದ್ದನ್ನು ಸರಕಾರವು ಕೈಗೆತ್ತಿಕೊಳ್ಳುವದಕ್ಕೆ 70 ವರ್ಷ ಹಿಡಿಯಿತು.

ಜಗಲಿಯ ಮೇಲಿನ ಕಟ್ಟುಗಳು ಎಲ್ಲವೂ ಇನ್ನೂ ಬಿಚ್ಚಿಲ್ಲ. ಮನೆಯಲ್ಲಿ ಅಂಥದಿದ್ದವರು ಅದಕ್ಕೆ ಅಡಿಗೆಯ ಎಣ್ಣೆಯನ್ನು ಹಚ್ಚದಿರಲಿ, ಕುಂಕುಮವನ್ನೇರಿಸದಿರಲಿ, ಅಂಟಿದ ಗರಿಗಳನ್ನು ಎಳೆದು ಬಿಡಿಸದಿರಲಿ. ಪತ್ರೆಯನ್ನು ಹಲಗೆಯ ಪಕ್ಕದಲ್ಲಿಟ್ಟರೂ ಪೂಜೆಯು ಸಲ್ಲುವದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ನಮಗೆ ಸಮೀಪದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೂ ಹಸ್ತಪ್ರತಿಗಳನ್ನು ಬಲ್ಲವರಿದ್ದಾರೆ. ಹಳಕಟ್ಟಿಯವರ ಕಾಲದಲ್ಲಿ ಕಟ್ಟನ್ನು ಕೊಟ್ಟರೆ ಅದು ತಿಂಗಳುಗಟ್ಟಲೆ ಮನೆಯ ಹೊರಗಿರಬೇಕಾಗುತ್ತಿತ್ತು. ಈಗ ಗರಿಗರಿಯ ಛಾಯಾಚಿತ್ರವನ್ನು ತೆಗೆದುಕೊಂಡು, ಕಟ್ಟನ್ನು ಮತ್ತೆ ಜಗಲಿಯ ಮೇಲೆಯೇ ಇಡಬಹುದು.